ವರ್ಷಗಟ್ಟಲೆ ಕಾಡುವ ಮಲಬದ್ಧತೆಗೆ ಏನು ಮಾಡಬೇಕು?

ನೀವು ಕೇಳಿದ್ದು: ವಿಜಯಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಎರಡು ವರ್ಷದಿಂದ ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿಲ್ಲ, ದಿನಾ ಹೋಗಲೇಬೇಕಾ ಅಂತ.

ದಿನಾ ಹೋಗಲೇಬೇಕು ಅಂತೇನಿಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೂ ಸಹಜವೇ. ಅದಕ್ಕಿಂತ ಕಡಿಮೆಯಾದರೆ, ಅಥವಾ ಮಲ ಗಟ್ಟಿಯಾಗಿ ತಿಣುಕಬೇಕಾದರೆ ಅದು ಮಲಬದ್ಧತೆ.

ಗಿರಾಕಿ ಇದ್ದಾರೆ ಅಂತ ತಡೆದುಕೊಳ್ಳುತ್ತೀರಿ ಅಲ್ವಾ? ತೊಂದರೆ ಅಲ್ಲೇ ಶುರುವಾಗಿರಬಹುದು. ತಡೆದಷ್ಟೂ ಹೊತ್ತು ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಕೊನೆಗೆ ಅದು ಆಡಿನ ಹಿಕ್ಕೆಯಂತಾಗುತ್ತದೆ. ಬೆಳಿಗ್ಗೆ ನಾಷ್ಟಾ ಆದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಆಗ ಹತ್ತು ನಿಮಿಷ ಕುಳಿತುಕೊಳ್ಳಿ. ಕಮೋಡ್ ಆದರೆ ಕಾಲಡಿ ಗಿಡ್ಡ ಸ್ಟೂಲ್ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ.

ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಪೇರಲ: ನಾರಿನ ಊಟ ನಮ್ಮ ಮನೆಯಲ್ಲೇ ಇದೆ. ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನಕ್ಕೆ ಏರಿಸಿ. ಸಾಲದಿದ್ದರೆ ಇಸಬ್ಗೋಲ್ ತಗೊಳ್ಳಿ, ಆದರೆ ಒಂದು ಗ್ಲಾಸ್ ತುಂಬ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ. ಸುಮ್ನೆ ಒಣದನ್ನೇ ನುಂಗಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ.

ಕಬ್ಬಿಣಾಂಶದ ಗುಳಿಗೆ, ಕೆಲವು ನೋವಿನ ಗುಳಿಗೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ. ಎರಡು ವರ್ಷ ಆಗಿದೆ, ದಯವಿಟ್ಟು ಒಮ್ಮೆ ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡ ಮಾಡಲೇಬೇಡಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.