ಕನ್ನಡ ಮೀಡಿಯಂನವಳು ಇಂಗ್ಲಿಷ್ ಟೀಚರ್ ಆಗಬಹುದಾ?

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರಿನಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಐಚ್ಛಿಕ ಇಂಗ್ಲಿಷ್ ತಗೊಂಡಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಟೀಚರ್ ಆಗುವ ಆಸೆ. ಆದರೆ ಕಾನ್ವೆಂಟಿನಿಂದ ಬಂದವರ ಎದುರು ಬಾಯಿ ಕಟ್ಟಿಹೋಗುತ್ತದೆ. ಅಪ್ಪ 'ಎಂಎ ಮಾಡು, ಸಾಕು' ಅಂತಾರೆ. ಬಿಎಡ್ ಬೇಕಾ? ನಾನು ಪಾಠ ಮಾಡಿದರೆ ಮಕ್ಕಳು ನಗುವುದಿಲ್ವಾ?
— ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ನೀನು ನನ್ನ ಮಗಳಿಗಿಂತ ಚಿಕ್ಕವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತೇನಮ್ಮ.

ನಾನೂ ಕನ್ನಡ ಮೀಡಿಯಂನವಳೇ. ಆಲೂರು ಕಡೆಯ ಹಳ್ಳಿ ಹೈಸ್ಕೂಲಿಗೆ ಸೇರಿದಾಗ ನನ್ನ ಎಂಎ ಮುಗಿದಿತ್ತು. ಶೇಕ್ಸ್‌ಪಿಯರ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ 'ಟು ಮಿ ಹಂಗ್ರಿ' ಅಂತ ಬರೆದು ತಂದ. ಕೆಂಪು ಇಂಕಿನಲ್ಲಿ ಗೀಟು ಎಳೆದು, ಮೇಲೆ 'ಐ ಆಮ್ ಹಂಗ್ರಿ' ಅಂತ ಬರೆದುಕೊಟ್ಟೆ. ಮುಂದಿನ ವಾರ 'ಟು ಮಿ ಫೀವರ್' ಬಂತು. ಮತ್ತೆ ಗೀಟು. ವರ್ಷದ ಕೊನೆಗೆ ಅವನು ಬರೆಯುವುದನ್ನೇ ಬಿಟ್ಟ. ಆ ಖಾಲಿ ಪುಟ ಈಗಲೂ ನನ್ನ ಕಣ್ಣ ಮುಂದಿದೆ.

ಆಮೇಲೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋದೆ. 1963ರಲ್ಲಿ ಶುರುವಾದ ಸಂಸ್ಥೆ ಅದು, ಟೀಚರುಗಳಿಗೆ ಕಲಿಸುವುದೇ ಅದರ ಕೆಲಸ. ಈ ಹುಡುಗನ ವಿಷಯ ಹೇಳಿದೆ. ಪಾಠ ಮಾಡುತ್ತಿದ್ದವರು ಕೇಳಿದ್ದು ಇಷ್ಟೇ: 'ಅವನು ಮನೇಲಿ ಅಮ್ಮನಿಗೆ ಏನಂತಾನೆ?' 'ನಂಗೆ ಹಸಿವು' ಅಂತಾನೆ, ಅಲ್ವಾ! ಹಸಿವು, ಜ್ವರ, ನಿದ್ದೆ, ಸಿಟ್ಟು ಎಲ್ಲವೂ ಕನ್ನಡದಲ್ಲಿ ನಮಗೆ ಬರುತ್ತವೆ. ಇಂಗ್ಲಿಷಿನಲ್ಲಿ 'ನಾನು' ಮುಂದೆ ಬಂದು ನಿಲ್ಲಬೇಕು. ಹುಡುಗ ತನಗೆ ಗೊತ್ತಿದ್ದ ಭಾಷೆಯಿಂದ ಸರಿಯಾಗಿಯೇ ಲೆಕ್ಕ ಹಾಕಿದ್ದ. ಅದನ್ನು ಅವನಿಗೆ ಐದು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು.

ಬ್ಯಾಗಿನಲ್ಲಿ, ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ: ನಮಗೆ ಒಂದೇ 'ಅಲ್ಲಿ'. ಇಂಗ್ಲಿಷಿನಲ್ಲಿ ಇನ್, ಆನ್, ಆಟ್ ಅಂತ ಮೂರು. ನಮ್ಮ ಹಾಸನದ ಹಳ್ಳಿಗಳಲ್ಲಿ ಹಾಲು 'ಆಲು' ಆಗುತ್ತದೆ, ಹಾಗಾಗಿ 'ಹೌಸ್' ಕೂಡ 'ಔಸ್'. ಮಗು ಎಲ್ಲಿ ಎಡವುತ್ತದೆ ಅಂತ ನಿನಗೆ ಮೊದಲೇ ಗೊತ್ತು. ಯಾಕಂದರೆ ನೀನೂ ಅಲ್ಲೇ ಎಡವಿದವಳು. ಇದು ನಿನ್ನ ಆಸ್ತಿ ಕಣಮ್ಮ.

ಅಪ್ಪನಿಗೆ ಹೀಗೆ ಹೇಳು. ಎಂಎಯಲ್ಲಿ ಜಾಸ್ತಿ ಓದುವುದು ಸಾಹಿತ್ಯ. ಅದು ಬೇಕು, ನಿಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲೇ ಇದೆ. ಆದರೆ ಪಾಠ ಮಾಡುವುದು ಬೇರೆಯೇ ವಿದ್ಯೆ. ಹೈಸ್ಕೂಲಿಗೆ ಡಿಗ್ರಿ ಜೊತೆ ಎರಡು ವರ್ಷದ ಬಿಎಡ್ ಬೇಕೇ ಬೇಕು. ಎಂಟನೇ ಕ್ಲಾಸಿನವರೆಗೆ ಕಲಿಸಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಡಿಗ್ರಿ ಕಾಲೇಜಿನ ಕಡೆ ಮನಸ್ಸಿದ್ದರೆ ಎಂಎ ಆದಮೇಲೆ ದೇಶಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ. ನನ್ನನ್ನು ಕೇಳಿದರೆ ಮೊದಲು ಬಿಎಡ್ ಮಾಡು. ಅದರಲ್ಲೂ ಶಾಲೆಗೆ ಹೋಗಿ ಪಾಠ ಮಾಡುವ ವಾರಗಳನ್ನು ಹಗುರಾಗಿ ತಗೋಬೇಡ. ಸುಮ್ನೆ ಲೆಸನ್ ಪ್ಲಾನ್ ಕಾಪಿ ಮಾಡಿ ಸಹಿ ಹಾಕಿಸಿಕೊಳ್ಳುವವರನ್ನು ನೋಡಿದ್ದೇನೆ. ಮುಂದೆ ಕ್ಲಾಸಿನಲ್ಲಿ ನಿಂತಾಗ ಕಷ್ಟಪಡುವವರೂ ಅವರೇ.

ಮಕ್ಕಳು ನಗುವುದಿಲ್ಲ. ಟೀಚರ್ ಹೆದರಿ ಬಾಯಿ ಮುಚ್ಚಿಕೊಂಡರೆ ಅವರೂ ಮುಚ್ಚಿಕೊಳ್ಳುತ್ತಾರೆ, ಅಷ್ಟೆ. ದಿನಾ ರಾತ್ರಿ ಒಂದು ಪುಟ ಇಂಗ್ಲಿಷ್ ಜೋರಾಗಿ ಓದು. ಓದಿದ್ದನ್ನು ಪುಸ್ತಕ ಮುಚ್ಚಿ ನಿನ್ನದೇ ಮಾತಿನಲ್ಲಿ ಹೇಳು. ಮೊದಲ ತಿಂಗಳು ತಡವರಿಸುತ್ತೀಯ, ಪರವಾಗಿಲ್ಲ.

ಈ ಭಾನುವಾರ ಪಕ್ಕದ ಮನೆಯ ಆರನೇ ಕ್ಲಾಸಿನ ಮಗುವನ್ನು ಕೂರಿಸಿಕೋ. 'ನಿನ್ನೆ ಏನು ಮಾಡಿದೆ?' ಅಂತ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಸು. ತಿದ್ದಬೇಡ. ಪ್ರತಿ ತಪ್ಪಿನ ಪಕ್ಕ ಅದರ ಹಿಂದಿರುವ ಕನ್ನಡ ವಾಕ್ಯ ಬರೆ. ಆ ಹಾಳೆಯನ್ನು ನನಗೆ ಕಳಿಸು, ಒಟ್ಟಿಗೆ ನೋಡೋಣ.