ಆಡು ಕಡಿದರೆ ಪಾಪ ಮಾಫಿ ಆಗ್ತಿತ್ತಾ?

ಪ್ರಶ್ನೆ: ಹಳೆಯ ಇಸ್ರಾಯೇಲ್ಯರಲ್ಲಿ ತಪ್ಪು ಮಾಡಿದವನು ಒಂದು ಆಡು ಕಡಿಯುತ್ತಿದ್ದ, ಅವನಿಗೆ ಬರಬೇಕಾದ ಸಾವು ಆಡಿಗೆ ಬರ್ತಿತ್ತು. ಬಲಿ ಅಂದರೆ ಅಷ್ಟೇ ತಾನೇ?

ಅಷ್ಟೇ ಅಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ, ಹಾಗಾಗಿ ಒಮ್ಮೆ ಬರೆದು ಮುಗಿಸುತ್ತೇನೆ. ಸರ್ವಾಂಗಹೋಮ ಯಾವುದು, ಸಮಾಧಾನಯಜ್ಞ ಯಾವುದು ಅಂತ ಇಲ್ಲಿ ಪಾಠ ಮಾಡಲ್ಲ. ಬೈಬಲಿನ ಯಾಜಕಕಾಂಡದ ಮೊದಲ ಏಳು ಅಧ್ಯಾಯ ಓದಿಕೊಳ್ಳಿ.

ನಾಲ್ಕನೇ ಅಧ್ಯಾಯದ ದೋಷಪರಿಹಾರಕ ಯಜ್ಞದಲ್ಲಿ ರಕ್ತ ಎಲ್ಲಿಗೆ ಹೋಗುತ್ತದೆ ನೋಡಿ. ತಪ್ಪು ಮಾಡಿದವನಿಗೆ ಒಂದು ಹನಿಯೂ ಹಚ್ಚುವುದಿಲ್ಲ. ಸಾಮಾನ್ಯ ಮನುಷ್ಯನ ತಪ್ಪಾದರೆ ಅಂಗಳದ ಯಜ್ಞವೇದಿಯ ಕೊಂಬುಗಳಿಗೆ ಹಚ್ಚುತ್ತಾರೆ. ಮಹಾಯಾಜಕನೋ ಇಡೀ ಸಮೂಹವೋ ತಪ್ಪಿದ್ದರೆ ರಕ್ತ ಗುಡಾರದ, ಅಂದರೆ ಅವರ ಆರಾಧನೆಯ ಡೇರೆಯ, ಒಳಗೆ ಹೋಗುತ್ತದೆ, ಪರದೆಯ ಮುಂದೆ ಏಳು ಸಲ ಚಿಮುಕಿಸಿ ಧೂಪವೇದಿಯ ಕೊಂಬುಗಳಿಗೆ ಹಚ್ಚುತ್ತಾರೆ. ವರ್ಷಕ್ಕೊಂದು ದಿನ ಮಾತ್ರ ಪರದೆಯನ್ನೂ ದಾಟಿ ಮಹಾಪವಿತ್ರ ಸ್ಥಳ ಎಂಬ ಒಳಕೋಣೆಗೆ. ತೊಳೆಯುತ್ತಿರುವುದು ದೇವರ ಜಾಗವನ್ನು, ಅಲ್ವಾ? ಜೇಕಬ್ ಮಿಲ್‌ಗ್ರೊಮ್ ಎಂಬ ವಿದ್ವಾಂಸರ ವಾದವೂ ಇದೇ: ಜನರ ತಪ್ಪು ದೂರದಿಂದಲೇ ಗುಡಾರಕ್ಕೆ ಮೈಲಿಗೆ ತರುತ್ತದೆ, ರಕ್ತ ಅದನ್ನು ತೆಗೆಯುವ ಸೋಪು. ಮೈಲಿಗೆ ತುಂಬಿದರೆ ದೇವರು ಅಲ್ಲಿ ಇರುವುದಿಲ್ಲ. ಇಸ್ರಾಯೇಲ್ಯರ ಭಯ ಅದು.

ಇದನ್ನು ಒಪ್ಪದವರು ಯಾಜಕಕಾಂಡ 17:11 ತೋರಿಸುತ್ತಾರೆ, ರಕ್ತದಲ್ಲಿ ಪ್ರಾಣವಿದೆ, ಪ್ರಾಣಕ್ಕೆ ಪ್ರಾಣ ಅಂತ. ಆ ವಚನವನ್ನು ನಾನೂ ತಳ್ಳಿಹಾಕಲ್ಲ. ಆದರೆ ಎಲ್ಲ ಬಲಿಯೂ ಶಿಕ್ಷೆಯ ಅದಲುಬದಲು ಅನ್ನುವವರು ಸ್ವಲ್ಪ ಉತ್ತರ ಹೇಳಲಿ. ಹೆತ್ತ ತಾಯಿ ಇದೇ ಯಜ್ಞಕ್ಕೆ ಒಂದು ಪಾರಿವಾಳ ತರಬೇಕಿತ್ತು. ಹೆರುವುದು ಯಾವ ಪಾಪ? ಎರಡು ಹಕ್ಕಿಗೂ ಗತಿಯಿಲ್ಲದ ಬಡವನಿಗೆ ಏಫಾ ಎಂಬ ಅಳತೆಯ ಹತ್ತನೇ ಒಂದು ಪಾಲು, ಅಂದರೆ ಸುಮಾರು 2 ಲೀಟರ್, ಹಿಟ್ಟು ಸಾಕಿತ್ತು; ಹಿಟ್ಟು ಯಾರ ಬದಲು ಸಾಯುತ್ತದೆ? ಇನ್ನು 16ನೇ ಅಧ್ಯಾಯದಲ್ಲಿ, ಜನರ ಪಾಪಗಳನ್ನೆಲ್ಲ ಹೇಳಿ ಯಾವ ಹೋತದ ತಲೆಯ ಮೇಲೆ ಹೊರಿಸುತ್ತಾರೋ ಅದನ್ನು ಕಡಿಯುವುದೇ ಇಲ್ಲ, ಜೀವಂತವಾಗಿ ಅಡವಿಗೆ ಅಟ್ಟುತ್ತಾರೆ.

'ಮಾಫಿ' ಅನ್ನುವವರಿಗೆ ಇನ್ನೊಂದು ಮಾತು. ಈ ನಾಲ್ಕನೇ ಅಧ್ಯಾಯ ಇರುವುದು ತಿಳಿಯದೆ ಮಾಡಿದ ತಪ್ಪಿಗೆ. ಸೊಕ್ಕಿನಿಂದ ಬೇಕಂತಲೇ ಮಾಡಿದವನಿಗೆ ಬೈಬಲಿನ ಅರಣ್ಯಕಾಂಡ (ರಾಮಾಯಣದ್ದಲ್ಲ) 15:30 ಯಾವ ಬಲಿಯನ್ನೂ ಹೇಳುವುದಿಲ್ಲ, ಅವನನ್ನು ಕುಲದಿಂದ ತೆಗೆದುಹಾಕಬೇಕು ಅನ್ನುತ್ತದೆ. ಮೋಸ ಮಾಡಿ ಸುಳ್ಳಾಣೆ ಇಟ್ಟವನು ಮಾಲನ್ನು ಐದನೇ ಒಂದು ಪಾಲು ಸೇರಿಸಿ ಮಾಲೀಕನಿಗೆ ವಾಪಸ್ ಕೊಡಬೇಕಿತ್ತು. ಸುಮ್ನೆ ಟಗರು ಹಿಡಿದುಕೊಂಡು ಬಂದರೆ ನಡೆಯುತ್ತಿರಲಿಲ್ಲ.

ಕುರಿಯ ಬದಲು ದುಡ್ಡು ಕೊಟ್ಟರೆ ಯಾಜಕಕಾಂಡದ ಪ್ರಕಾರ ಮನೆಯ ಶಾಪ ತೆಗೀತೀನಿ ಅಂತಿದ್ದಾರೆ ಒಬ್ಬರು. ಕೊಡಲಾ?

ಒಂದು ಪೈಸೆ ಕೊಡಬೇಡಿ. ಯೆರೂಸಲೇಮಿನ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟರು, ಅಲ್ಲಿನ ಬಲಿ ಅಂದೇ ನಿಂತಿತು, ಯೆಹೂದ್ಯರೇ ಪ್ರಾರ್ಥನೆಯ ದಾರಿ ಹಿಡಿದರು. ಈ ಮಹಾಶಯನಿಗೆ ವೇದಿ ಎಲ್ಲಿಂದ ಬಂತು? ಆಗಲೇ ಕೊಟ್ಟಿದ್ದರೆ ಮನೆಯವರಿಗೆ ಹೇಳಿ, ವಾಪಸ್ ಕೇಳಿ, ನಾಚಿಕೆ ಬೇಡ.

ಮಹಾಯಾಜಕ ಮಹಾಪವಿತ್ರ ಸ್ಥಳದ ಒಳಗೆ ಸತ್ತರೆ ಎಳೆಯಲು ಕಾಲಿಗೆ ಹಗ್ಗ ಕಟ್ಟುತ್ತಿದ್ದರಂತೆ?

ಬೈಬಲಿನಲ್ಲೂ ಇಲ್ಲ, ಯೆಹೂದ್ಯರ ಹಳೆಯ ನಿಯಮಗ್ರಂಥ ಮಿಷ್ನಾದಲ್ಲೂ ಇಲ್ಲ. ಹಗ್ಗದ ಕಥೆ ಇರುವುದು 13ನೇ ಶತಮಾನದಲ್ಲಿ ಬೆಳಕಿಗೆ ಬಂದ ಜೋಹರ್ ಎಂಬ ಯೆಹೂದ್ಯ ಅನುಭಾವ ಗ್ರಂಥದಲ್ಲಿ. ಚರ್ಚಿನ ಪ್ರಸಂಗದಲ್ಲಿ ಇದನ್ನು ಹೇಳುವವರು ದಯವಿಟ್ಟು ನಿಲ್ಲಿಸಿ.

ದೇವರಿಗೆ ಮಾಂಸದ ಹಸಿವಿತ್ತಾ?

ಇಲ್ಲ. ಬೈಬಲಿನ ಕೀರ್ತನೆ 50, ವಚನ 12 ಮತ್ತು 13. ಓದಿ.

ಕೆಂಪು ಕಡಸು ಸಿಕ್ಕಿದೆಯಂತೆ, ಲೋಕ ಮುಗಿಯಿತಾ?

2022ರಲ್ಲಿ ಟೆಕ್ಸಾಸ್‌ನಿಂದ ಐದು ಕೆಂಪು ಕಡಸು ಇಸ್ರೇಲಿಗೆ ಬಂದದ್ದು ನಿಜ. ಆದರೆ ಅರಣ್ಯಕಾಂಡ 19ರಲ್ಲಿ ಇರುವುದು ಹೆಣ ಮುಟ್ಟಿದವರ ಮೈಲಿಗೆ ಕಳೆಯಲು ಬೂದಿ ಬೆರೆಸಿದ ನೀರಿನ ಕ್ರಮ. ಲೋಕಾಂತ್ಯದ ಸುದ್ದಿ ಅಲ್ಲಿ ಒಂದು ಸಾಲೂ ಇಲ್ಲ. ಕಡಸು ಬಂತು, ಲೋಕ ಮುಗಿಯಿತು ಅನ್ನುವ ವಿಡಿಯೋ ನನಗೆ ಇನ್ನೊಮ್ಮೆ ಕಳಿಸಬೇಡಿ.