ಜೈಲು ಬೇಡ ಸರಿ, ಹಾಲಿನ ದುಡ್ಡು ಯಾರ ಹತ್ತಿರ?

ಈ ವಾರದ ಒಂದು ಪತ್ರ ನನ್ನ ನಿದ್ದೆ ಕೆಡಿಸಿತು. ಬರೆದವರು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವ ಹುಡುಗಿ. ಅಕ್ಕನನ್ನು ಮದ್ದೂರು ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಭಾವ ಹೊಡೆಯುತ್ತಾನೆ. ಹೋದ ತಿಂಗಳು ಅಕ್ಕನ ಹಣೆಗೆ ಹೊಲಿಗೆ ಬಿದ್ದಿದೆ. ಆದರೂ ತಂಗಿಗೆ ಪೊಲೀಸ್ ಕಂಪ್ಲೇಂಟ್ ಬೇಡ. ಜೈಲುಗಳೇ ಬೇಡ ಎನ್ನುವ ಅಮೆರಿಕದ ಚಿಂತಕಿ ಏಂಜೆಲಾ ಡೇವಿಸ್ ಅವರನ್ನು ಓದಿ, ಜೈಲಿನಿಂದ ಹಿಂಸೆ ನಿಲ್ಲಲ್ಲ ಎಂದು ನಂಬಿದ್ದಾರೆ. ಅಕ್ಕನೂ ‘ಅವರು ಒಳಗೆ ಹೋದ್ರೆ ಸಂಸಾರ ನಡೆಯೋದು ಹೇಗೆ’ ಅಂತಾಳಂತೆ. ಸೋದರಮಾವ ಭಾನುವಾರ ಪಂಚಾಯ್ತಿ ಸೇರಿಸುತ್ತಿದ್ದಾರೆ. ‘ಇದು ಜೈಲಿಲ್ಲದ ನ್ಯಾಯ ಅಲ್ವಾ ಮೇಡಂ?’ ಎಂದು ಪ್ರಶ್ನೆ.

ಅಲ್ಲ ಕಣಮ್ಮಾ.

ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಸಾಲಿದೆ. ಅಕ್ಕ ಎರಡು ಹಸು ಸಾಕಿದ್ದಾಳೆ, ಡೈರಿ ಬಟವಾಡೆ ಅವಳ ಖಾತೆಗೇ ಬೀಳುತ್ತೆ, ಎಟಿಎಂ ಕಾರ್ಡ್ ಭಾವನ ಜೇಬಲ್ಲಿರುತ್ತೆ. ಕತ್ತಲಲ್ಲೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನ್ ಹಿಡಿದು ಡೈರಿ ಮುಂದೆ ಸಾಲಲ್ಲಿ ನಿಲ್ಲೋದು ಅವಳು. ಅಂದರೆ ಸಂಸಾರ ನಡೆಸುತ್ತಿರುವವಳೇ ಅವಳು. ಭಾವ ಮನೆಯಲ್ಲಿಲ್ಲ ಅಂತ ಹಸು ಹಾಲು ಕೊಡೋದು ಬಿಡುತ್ತಾ?

ಜೈಲಿನ ಬಗ್ಗೆ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕಲ್ಲ. ನಮ್ಮ ಜೈಲುಗಳಲ್ಲಿರುವ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ತೀರ್ಪು ಬರದ ವಿಚಾರಣಾಧೀನ ಕೈದಿಗಳು. ದೆಹಲಿಯ ನಿರ್ಭಯಾ ಪ್ರಕರಣದ ನಂತರ ಸರ್ಕಾರ ರಚಿಸಿದ ವರ್ಮಾ ಸಮಿತಿ ಕೂಡ 2013ರಲ್ಲಿ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದಿತ್ತು. ಆದರೆ ಜೈಲು ಬೇಡ ಅನ್ನುವವರ ಮಾತನ್ನು ಪೂರ್ತಿ ಕೇಳಿ. ಅಮೆರಿಕದಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ದುಡಿಯುವ ಇನ್‌ಸೈಟ್ ಮತ್ತು ಜೈಲು ವಿರೋಧಿ ಕ್ರಿಟಿಕಲ್ ರೆಸಿಸ್ಟೆನ್ಸ್ ಸಂಘಟನೆಗಳು 2001ರಲ್ಲಿ ಜಂಟಿ ಹೇಳಿಕೆ ಹೊರಡಿಸಿದವು. ಮಹಿಳಾ ಚಳವಳಿ ಪೊಲೀಸರನ್ನೇ ನೆಚ್ಚಿಕೊಂಡಿತು ಎಂದು ಟೀಕಿಸಿದ ಅದೇ ಹೇಳಿಕೆ, ಜೈಲು ವಿರೋಧಿ ಚಳವಳಿಯನ್ನೂ ಬಿಡಲಿಲ್ಲ. ಏಟು ತಿನ್ನುವ ಹೆಂಗಸಿನ ರಕ್ಷಣೆಗೆ ನಿಮ್ಮ ಹತ್ತಿರ ಏನಿದೆ ಎಂದು ಕೇಳಿತು.

ನಿಮ್ಮ ಮಾವನ ಹತ್ತಿರ ಏನಿದೆ? ನನಗೆ ಭಾವನಿಗಿಂತ ಅವರ ಮೇಲೇ ಸಿಟ್ಟು ಜಾಸ್ತಿ. ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದಳು’ ಅಂತ ಬರೆಸಿದವರು ಅವರೇ ಅಲ್ವಾ? ಇಂಥವರ ರಾಜಿ ಹೇಗಿರುತ್ತೆ ಎಂದು ಮಂಡ್ಯ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಇಬ್ಬರಿಗೂ ಬುದ್ಧಿ ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಅವತ್ತು ರಾತ್ರಿ ಆ ಮನೆಯಲ್ಲಿ ಮಲಗಬೇಕಾದವಳು ಅಕ್ಕ.

ಪೊಲೀಸ್ ಸ್ಟೇಷನ್ನಿಗೂ ಅರಳಿಕಟ್ಟೆಗೂ ನಡುವೆ ಒಂದು ದಾರಿ ಇದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅರ್ಜಿ ಹಾಕಿದ ಕೂಡಲೇ ಅದು ಯಾರನ್ನೂ ಜೈಲಿಗೆ ಕಳಿಸಲ್ಲ. ಮುಟ್ಟಬೇಡ ಎಂದು ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು, ಗಂಡನನ್ನೇ ಮನೆಯಿಂದ ಹೊರಗಿಡಬಹುದು. ಹೆಂಡತಿಯ ದುಡ್ಡು ಕಿತ್ತುಕೊಳ್ಳುವುದೂ ಅದರ ಪ್ರಕಾರ ದೌರ್ಜನ್ಯವೇ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದ್ದರಿಂದ ಒಂದೇ ಕೆಲಸ ಮಾಡಿ. ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿ, ಅವಳು ಹೂಂ ಅಂದರೆ ಭಾನುವಾರಕ್ಕೆ ಮುಂಚೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕರೆದುಕೊಂಡು ಹೋಗಿ. ಆ ಅಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ವಕೀಲರ ಫೀಸಿನ ಚಿಂತೆ ಬೇಡ, ಹೆಂಗಸರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಎಟಿಎಂ ಕಾರ್ಡ್ ಮಾತ್ರ ಈಗಲೇ ಬ್ಲಾಕ್ ಮಾಡಿಸಬೇಡಿ, ಅಕ್ಕ ಅದೇ ಮನೆಯಲ್ಲಿದ್ದರೆ ಏಟು ಜಾಸ್ತಿಯಾಗುತ್ತೆ. ಅವಳು ಅಮ್ಮನ ಮನೆ ಸೇರಿದ ಮೇಲೆ ಮಾಡಿಸಿ. ಮಾವ ಕೇಳಿದರೆ ಅಕ್ಕನಿಗೆ ಜ್ವರ ಅನ್ನಿ. ಬಚ್ಚಲ ಕಥೆ ಕಟ್ಟಿದವರಿಗೆ ಅಷ್ಟು ಸಾಕು.